ಹಕ್ಕಿಗಳಿಗೆ ಇಂಜೆಕ್ಷನ್ ಅರಿವಳಿಕೆ: ತೂಕದಿಂದ ಎಚ್ಚರದವರೆಗೆ, ಅಡ್ಡಪರಿಣಾಮಗಳ ಸಮೇತ

ಗ್ಯಾಸ್ ಅರಿವಳಿಕೆಯಲ್ಲಿ ಹಕ್ಕಿ ತೀರಾ ಆಳಕ್ಕೆ ಇಳಿಯಿತು ಅನ್ನಿಸಿದರೆ ವೇಪೊರೈಸರ್ (ಮದ್ದನ್ನು ಆವಿ ಮಾಡಿ ಕೊಡುವ ಸಾಧನ) ಗುಂಡಿ ತಿರುಗಿಸಿದರಾಯಿತು, ಐಸೊಫ್ಲುರೇನ್ ಉಸಿರಿನ ಜೊತೆಗೇ ಹೊರಟುಹೋಗುತ್ತದೆ. ಎದೆಸ್ನಾಯುವಿಗೆ ಚುಚ್ಚಿದ ಕೆಟಮಿನ್ ಎಂಬ ಅರಿವಳಿಕೆ ಮದ್ದಿಗೆ ಅಂಥ ಗುಂಡಿ ಇಲ್ಲ. ಒಳಗೆ ಹೋದದ್ದನ್ನು ಯಕೃತ್ತು, ಮೂತ್ರಪಿಂಡಗಳು ಹೊರಹಾಕುವ ತನಕ ಹಕ್ಕಿಯೂ ಕಾಯಬೇಕು, ನಾವೂ ಕಾಯಬೇಕು. ಅದಕ್ಕೇ ಹಕ್ಕಿಗಳಲ್ಲಿ ಐಸೊಫ್ಲುರೇನ್ ಅಥವಾ ಸೆವೊಫ್ಲುರೇನ್ ಮೊದಲ ಆಯ್ಕೆ, ಇಂಜೆಕ್ಷನ್ ಎರಡನೆಯದು.

ಆದರೂ ಇಂಜೆಕ್ಷನ್ ಇಲ್ಲದೆ ಸಾಗದ ಸಂದರ್ಭಗಳಿವೆ. ಯಂತ್ರ ಒಯ್ಯಲಾಗದ ಕಾಡಿನ ಕೆಲಸ, ಮಾಸ್ಕ್‌ಗೂ ಟ್ಯೂಬ್‌ಗೂ ಜಾಗ ಬಿಡದ ಕೊಕ್ಕು-ಬಾಯಿ-ಶ್ವಾಸನಾಳದ ಶಸ್ತ್ರಚಿಕಿತ್ಸೆ, ಕೈಯಲ್ಲಿ ಹಿಡಿದು ಮಾಸ್ಕ್ ಇಡಲಾಗದ ಉಷ್ಟ್ರಪಕ್ಷಿ, ಇವು ಮುಖ್ಯವಾದವು. ಬಾತುಗಳದ್ದು ಇನ್ನೊಂದು ಬಗೆ. ಮುಖಕ್ಕೆ ಮಾಸ್ಕ್ ಒತ್ತಿದೊಡನೆ ನೀರಿನಲ್ಲಿ ಮುಳುಗಿದಾಗಿನಂತೆ ಉಸಿರು ಕಟ್ಟಿ, ಹೃದಯಬಡಿತವನ್ನೂ ಇಳಿಸಿಕೊಳ್ಳುತ್ತವೆ.

ಈ ಲೇಖನ ಪಶುವೈದ್ಯರಿಗೆ ಮತ್ತು ಅವರ ಜೊತೆ ಕೆಲಸ ಮಾಡುವ ಸಹಾಯಕರಿಗೆ. ಹಕ್ಕಿ ಸಾಕಿದವರು ಓದಿ ತಿಳಿದುಕೊಳ್ಳಬಹುದು, ಆದರೆ ಮನೆಯಲ್ಲಿ ಮಾಡಿ ನೋಡುವ ಕೆಲಸ ಇದಲ್ಲ. ಇಲ್ಲಿನ ಪ್ರಮಾಣಗಳು ಆರಂಭದ ವ್ಯಾಪ್ತಿ ಮಾತ್ರ. ಕೈಯಲ್ಲಿರುವ ಜಾತಿಗೆ ಹಕ್ಕಿಗಳ ಔಷಧ ಕೈಪಿಡಿ ಏನು ಹೇಳುತ್ತದೆ ಎಂದು ನೋಡಿಯೇ ಸಿರಿಂಜ್ ತುಂಬಬೇಕು.

ಪೂರ್ತಿ ಅರಿವಳಿಕೆ ನಿಜವಾಗಿ ಬೇಕೇ?

ಎಕ್ಸ್‌ರೇ, ಬ್ಯಾಂಡೇಜ್ ಬದಲಾವಣೆ, ರಕ್ತ ತೆಗೆಯುವುದು, ಉಗುರು-ಕೊಕ್ಕು ಸರಿಪಡಿಸುವುದು. ಇವಕ್ಕೆಲ್ಲ ಕೆಟಮಿನ್ ಹಾಕುವುದು ಅತಿಯಾಯಿತು. ಮಂಪರು ತರಿಸುವ ಮಿಡಜೋಲಮ್ ಅನ್ನು ಮೂಗಿನ ಹೊಳ್ಳೆಗೆ ಬಿಟ್ಟರೆ ಸಾಕಾಗುತ್ತದೆ. ಗಿಳಿಗಳಿಗೆ ಕೆ.ಜಿ.ಗೆ ಸುಮಾರು 2 ಮಿ.ಗ್ರಾಂ. ಅರ್ಧ ಒಂದು ಹೊಳ್ಳೆಗೆ, ಅರ್ಧ ಇನ್ನೊಂದಕ್ಕೆ, ತೊಟ್ಟು ತೊಟ್ಟಾಗಿ. ಕೆಲವೇ ನಿಮಿಷಗಳಲ್ಲಿ ಕಣ್ಣು ಅರೆಮುಚ್ಚುತ್ತದೆ, ಹಿಡಿದ ಕೈಗೆ ಕಚ್ಚುವ ಹಟ ಇಳಿಯುತ್ತದೆ. ಒಮ್ಮೆಗೇ ಸುರಿದರೆ ಮದ್ದು ಗಂಟಲಿಗಿಳಿದು ಅರ್ಧ ವ್ಯರ್ಥವಾಗುತ್ತದೆ, ಹಕ್ಕಿ ಸೀನುತ್ತದೆ. ಕೆಲಸ ಮುಗಿದ ಮೇಲೆ ಫ್ಲುಮಜೆನಿಲ್ ಕೆ.ಜಿ.ಗೆ 0.05 ಮಿ.ಗ್ರಾಂನಂತೆ ಅದೇ ಹೊಳ್ಳೆಯಲ್ಲಿ ಕೊಟ್ಟರೆ ಮಂಪರು ಬಿಡುತ್ತದೆ.

ನೋವಿನ ಕೆಲಸವಾದರೆ ಬ್ಯುಟೊರ್ಫನಾಲ್ ಎಂಬ ನೋವುನಿವಾರಕವನ್ನು ಜೊತೆಗೆ ಸೇರಿಸಿ. ಮಿಡಜೋಲಮ್ ನೋವು ಕಡಿಮೆ ಮಾಡುವುದಿಲ್ಲ, ಹಕ್ಕಿಯನ್ನು ಸುಮ್ಮನಿರಿಸುತ್ತದೆ ಅಷ್ಟೆ.

ಹಕ್ಕಿಯ ದೇಹದಲ್ಲಿ ನೆನಪಿಡಬೇಕಾದ್ದು

ಹಕ್ಕಿಗೆ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ. ಶ್ವಾಸಕೋಶ ಬೆನ್ನಿಗೆ ಅಂಟಿಕೊಂಡಿದ್ದು ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದಾಗ ವಾಯುಚೀಲಗಳು ಕಮ್ಮಾರನ ತಿದಿಯಂತೆ ಗಾಳಿಯನ್ನು ಶ್ವಾಸಕೋಶದ ಮೂಲಕ ಹಾಯಿಸುತ್ತವೆ. ಎದೆಮೂಳೆಯನ್ನು ಬಿಗಿಯಾಗಿ ಹಿಡಿದರೆ ಉಸಿರಾಟ ನಿಂತಿತು ಎಂದೇ ಅರ್ಥ. ಟವೆಲ್ ಬಿಗಿಯಾಗಿ ಸುತ್ತಿದ್ದು, ಸಹಾಯಕರ ಬೆರಳು ಎದೆಯ ಮೇಲಿದ್ದದ್ದು, ಶಸ್ತ್ರಚಿಕಿತ್ಸೆ ಮಾಡುವವರು ಮಣಿಕಟ್ಟನ್ನು ಹಕ್ಕಿಯ ಮೇಲೆ ಊರಿದ್ದು, ಇವು ಕೂಡ ಅರಿವಳಿಕೆಯ ಸಾವುಗಳೇ. ಅಂಗಾತ ಮಲಗಿಸಿದಾಗ ಒಳಾಂಗಗಳ ಭಾರ ವಾಯುಚೀಲಗಳ ಮೇಲೆ ಬಿದ್ದು ಉಸಿರಾಟ ಇನ್ನಷ್ಟು ಕಡಿಮೆಯಾಗುತ್ತದೆ.

ಇನ್ನೊಂದು, ಕಾಲಿನ ರಕ್ತದ ದಾರಿ. ಹಿಂಗಾಲಿನಿಂದ ಮರಳುವ ರಕ್ತ ಹೃದಯ ತಲುಪುವ ಮೊದಲು ಮೂತ್ರಪಿಂಡವನ್ನು ಹಾದು ಹೋಗುವ ಸಾಧ್ಯತೆ ಇದೆ. ಕಾಲಿನ ಸ್ನಾಯುವಿಗೆ ಕೊಟ್ಟ ಔಷಧದ ಒಂದಿಷ್ಟು ಭಾಗ ಮೆದುಳು ಮುಟ್ಟುವ ಮುಂಚೆಯೇ ಸೋರಿಹೋದೀತು. ಆದ್ದರಿಂದ ಹಾರುವ ಹಕ್ಕಿಗಳಲ್ಲಿ ಎದೆಸ್ನಾಯುವೇ ಚುಚ್ಚುವ ಜಾಗ. ಎದೆಸ್ನಾಯು ತೆಳುವಾಗಿರುವ ಉಷ್ಟ್ರಪಕ್ಷಿಯಂಥವು ಇದಕ್ಕೆ ಹೊರತು.

ಹಂತ 1: ತಪಾಸಣೆ, ಉಪವಾಸ, ತೂಕ

ಮುಟ್ಟುವ ಮೊದಲು ದೂರದಿಂದ ನೋಡಿ. ಪ್ರತಿ ಉಸಿರಿಗೂ ಬಾಲ ಕುಣಿಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಆ ಹಕ್ಕಿಗೆ ಇಂದು ಆಮ್ಲಜನಕ ಬೇಕು, ಕೆಟಮಿನ್ ಅಲ್ಲ. ಹಿಡಿದು ಪರೀಕ್ಷಿಸಿ ಬಿಟ್ಟ ಮೇಲೆ ಮೂರರಿಂದ ಐದು ನಿಮಿಷದೊಳಗೆ ಉಸಿರು ಮೊದಲಿನ ಲಯಕ್ಕೆ ಬರಬೇಕು. ಬಾರದಿದ್ದರೆ ಮುಂದೂಡಿ. ರಕ್ತ ತೆಗೆಯಲು ಸಾಧ್ಯವಿದ್ದರೆ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ನೋಡಿ. 20ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 55 ದಾಟಿದ್ದರೆ ನಿರ್ಜಲೀಕರಣ. ಎರಡನ್ನೂ ಸರಿಪಡಿಸಿದ ಮೇಲೆಯೇ ಮುಂದಿನ ಮಾತು.

ಉಪವಾಸದ ಗುರಿ ಕೊರಳಚೀಲ ಖಾಲಿ ಮಾಡುವುದು, ಹಕ್ಕಿಯನ್ನು ಹಸಿವಿನಿಂದ ಬಳಲಿಸುವುದಲ್ಲ. ಪುಟ್ಟ ಗಿಳಿಯಾದ ಬಡ್ಜಿಯಂಥ ಹಕ್ಕಿಗೆ ಒಂದು ಗಂಟೆಗಿಂತ ಹೆಚ್ಚು ಬೇಡ. ಅದರ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಬೇಗ ತೀರುತ್ತದೆ, ರಾತ್ರಿಯಿಡೀ ಉಪವಾಸ ಕೆಡವಿದರೆ ಬೆಳಿಗ್ಗೆ ಸಕ್ಕರೆ ಕುಸಿದೇ ಮೇಜಿಗೆ ಬರುತ್ತದೆ. ಪಾರಿವಾಳ ಮತ್ತು ಮಧ್ಯಮ ಗಾತ್ರದ ಗಿಳಿಗಳಿಗೆ 2ರಿಂದ 4 ಗಂಟೆ, ಬಾತುಗಳಿಗೆ 4ರಿಂದ 6 ಗಂಟೆ. ಮಾಂಸ ತಿನ್ನುವ ಹದ್ದು, ಗಿಡುಗಗಳಿಗೆ ಸುಮಾರು 12 ಗಂಟೆ. ಅವಧಿ ಎಷ್ಟೇ ಆಗಿರಲಿ, ಚುಚ್ಚುವ ಮೊದಲು ಕೊರಳಿನ ಬುಡ ಬೆರಳಿನಿಂದ ಮುಟ್ಟಿ ನೋಡಿ. ಕಾಳೋ ನೀರೋ ತಗುಲಿದರೆ ಕಾಯಿರಿ. ತುರ್ತಾದರೆ ಕೊರಳಚೀಲವನ್ನು ಟ್ಯೂಬ್‌ನಿಂದ ಖಾಲಿ ಮಾಡಿ, ತಲೆ ಎತ್ತರದಲ್ಲಿಟ್ಟು ಮುಂದುವರಿಯಿರಿ.

ತೂಕ ಗ್ರಾಂ ತಕ್ಕಡಿಯಲ್ಲಿ, ಅದೇ ದಿನ. ‘ಗಿಳಿ ಅಂದರೆ ನೂರು ಗ್ರಾಂ ಇರಬಹುದು’ ಎಂಬ ಅಂದಾಜು ಬೇಡ. ಕಾಯಿಲೆ ಬಿದ್ದ ಹಕ್ಕಿಯ ಗರಿ ಉಬ್ಬಿಕೊಂಡಿರುತ್ತದೆ, ಒಳಗಿನ ದೇಹ ಕಣ್ಣು ಅಂದಾಜಿಸಿದ್ದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಎದೆಮೂಳೆಯ ಎರಡು ಬದಿ ಮುಟ್ಟಿ ನೋಡಿ. ಮೂಳೆ ಚಾಕುವಿನಂತೆ ಎದ್ದಿದ್ದರೆ ಸ್ನಾಯು ಕರಗಿದೆ, ಪ್ರಮಾಣವನ್ನು ವ್ಯಾಪ್ತಿಯ ಕೆಳತುದಿಗೆ ಇಳಿಸಿ.

ಹಂತ 2: ಲೆಕ್ಕ ಮತ್ತು ಸಿರಿಂಜ್

ಈ ಹಂತದಲ್ಲಿ ನಿಧಾನವಾಗಿರಿ. ಹಕ್ಕಿ ಸತ್ತಾಗ ‘ಔಷಧ ಒಗ್ಗಲಿಲ್ಲ’ ಎನ್ನುವ ಮೊದಲು ಸಿರಿಂಜ್ ಎತ್ತಿ ಇನ್ನೊಮ್ಮೆ ಓದುವುದು ಒಳ್ಳೆಯದು.

ಒಂದು 300 ಗ್ರಾಂ ಪಾರಿವಾಳ ಇದೆ ಎನ್ನಿ. ಕೆಟಮಿನ್ ಕೆ.ಜಿ.ಗೆ 20 ಮಿ.ಗ್ರಾಂ, ಅಂದರೆ ಈ ಹಕ್ಕಿಗೆ 6 ಮಿ.ಗ್ರಾಂ. ಬಾಟಲಿಯಲ್ಲಿ ಮಿ.ಲೀ.ಗೆ 50 ಮಿ.ಗ್ರಾಂ ಇದ್ದರೆ 0.12 ಮಿ.ಲೀ. ಮಿಡಜೋಲಮ್ ಕೆ.ಜಿ.ಗೆ 1 ಮಿ.ಗ್ರಾಂ, ಅಂದರೆ 0.3 ಮಿ.ಗ್ರಾಂ. ಮಿ.ಲೀ.ಗೆ 5 ಮಿ.ಗ್ರಾಂ ಇರುವ ಆಂಪೂಲ್‌ನಿಂದ 0.06 ಮಿ.ಲೀ. ಇಷ್ಟು ಸಣ್ಣ ಅಳತೆಗೆ ಇನ್ಸುಲಿನ್ ಸಿರಿಂಜ್ ಹೇಳಿ ಮಾಡಿಸಿದಂತಿದೆ. ಆದರೆ ಇನ್ಸುಲಿನ್ ಸಿರಿಂಜ್‌ಗಳಲ್ಲಿ ಎರಡು ಜಾತಿ. ಯು-100ರಲ್ಲಿ ಒಂದು ಮಿ.ಲೀ.ಗೆ 100 ಗೆರೆ, ಯು-40ರಲ್ಲಿ 40 ಗೆರೆ. ಯು-100ರಲ್ಲಿ 12ನೇ ಗೆರೆ ಎಂದರೆ 0.12 ಮಿ.ಲೀ. ಅದೇ 12ನೇ ಗೆರೆ ಯು-40ರಲ್ಲಿ 0.3 ಮಿ.ಲೀ. ಅಷ್ಟು ಚುಚ್ಚಿದರೆ ಹಕ್ಕಿಗೆ ಹೋದದ್ದು 15 ಮಿ.ಗ್ರಾಂ, ಅಂದರೆ ಕೆ.ಜಿ.ಗೆ 50. ಎರಡೂವರೆ ಪಟ್ಟು! ಮೇಜಿನ ಮೇಲೆ ಎರಡೂ ಜಾತಿಯ ಸಿರಿಂಜ್ ಇಡಲೇಬೇಡಿ.

ಬಾಟಲಿಯ ಸಾಂದ್ರತೆಯನ್ನು ಪ್ರತಿ ಸಲ ಓದಿ. ಕೆಟಮಿನ್ 50ರದ್ದೂ ಇದೆ, 100ರದ್ದೂ ಇದೆ. ಕ್ಸೈಲಜಿನ್ 20ರದ್ದೂ ಇದೆ, ದೊಡ್ಡ ಪ್ರಾಣಿಗಳಿಗೆಂದು 100ರದ್ದೂ ಇದೆ. ಮಿಡಜೋಲಮ್ 1 ಮತ್ತು 5.

ಪುಟ್ಟ ಹಕ್ಕಿಯಾದರೆ ಔಷಧವನ್ನು ತೆಳು ಮಾಡದೆ ಗತ್ಯಂತರವಿಲ್ಲ. 35 ಗ್ರಾಂ ಬಡ್ಜಿಗೆ ಕೆ.ಜಿ.ಗೆ 25 ಮಿ.ಗ್ರಾಂನಂತೆ ಕೆಟಮಿನ್ ಬೇಕಿರುವುದು 0.875 ಮಿ.ಗ್ರಾಂ. 50ರ ಬಾಟಲಿಯಿಂದ ಅದು 0.0175 ಮಿ.ಲೀ., ಯಾವ ಸಿರಿಂಜ್‌ನಲ್ಲೂ ನಂಬಿಕೆಯಿಂದ ಅಳೆಯಲಾಗದ ಪ್ರಮಾಣ. ಒಂದು ಭಾಗ ಕೆಟಮಿನ್‌ಗೆ ನಾಲ್ಕು ಭಾಗ ಸ್ಟೆರೈಲ್ ನೀರು ಸೇರಿಸಿದರೆ ಮಿ.ಲೀ.ಗೆ 10 ಮಿ.ಗ್ರಾಂ ಆಗುತ್ತದೆ. ಆಗ ಬೇಕಾದ್ದು ಸುಮಾರು 0.09 ಮಿ.ಲೀ. ಇದಕ್ಕೆ ಮಿ.ಲೀ.ಗೆ 1 ಮಿ.ಗ್ರಾಂ ಇರುವ ಮಿಡಜೋಲಮ್ 0.035 ಮಿ.ಲೀ. ಸೇರಿಸಿ, ಒಟ್ಟನ್ನು ಎರಡು ಪಾಲು ಮಾಡಿ ಎಡ-ಬಲ ಎದೆಗೆ ಹಂಚಿ. ಹತ್ತು ಪಟ್ಟು ತೆಳು ಮಾಡಿದರೆ ಅಳೆಯುವುದು ಇನ್ನೂ ಸುಲಭ ನಿಜ, ಆದರೆ ಅಷ್ಟು ದ್ರವ ತುಂಬಿಸಿಕೊಳ್ಳಲು ಆ ಎದೆಯಲ್ಲಿ ಸ್ನಾಯುವೇ ಇಲ್ಲ.

ತೆಳು ಮಾಡುವುದು ಖಾಲಿ ಸ್ಟೆರೈಲ್ ವಯಲ್‌ನಲ್ಲಿ ಆಗಬೇಕು, ಸಿರಿಂಜ್ ಒಳಗಲ್ಲ. ಸೂಜಿ ಬಿಚ್ಚುವ ಸಾಮಾನ್ಯ ಸಿರಿಂಜ್‌ನ ಬುಡದಲ್ಲಿ ಗೆರೆಗೆ ಕಾಣದ ಒಂದಿಷ್ಟು ಮದ್ದು ಯಾವಾಗಲೂ ಉಳಿದಿರುತ್ತದೆ. ಅದರ ಮೇಲೆ ನೀರು ಎಳೆದರೆ ಅದೂ ಒಳಗೆ ಬೆರೆಯುತ್ತದೆ. ನಾಯಿಗೆ ಅದು ಲೆಕ್ಕಕ್ಕಿಲ್ಲ, ಬಡ್ಜಿಗೆ ಅದೇ ಇನ್ನೊಂದು ಡೋಸ್. ಸೂಜಿ ಅಂಟಿಕೊಂಡೇ ಬರುವ ಸಿರಿಂಜ್‌ನಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಲಿಡೊಕೇನ್ ಲೆಕ್ಕವೂ ಇದೇ ಕಾಗದದಲ್ಲಿರಲಿ. ಕೆ.ಜಿ.ಗೆ 4 ಮಿ.ಗ್ರಾಂ ಮೇಲ್ಮಿತಿ, 2ರಲ್ಲೇ ಮುಗಿಸಿದರೆ ಒಳ್ಳೆಯದು. ಎರಡು ಶೇಕಡಾ ಲಿಡೊಕೇನ್‌ನ ಒಂದೇ ಒಂದು ಹನಿಯಲ್ಲಿ, ಅಂದರೆ 0.05 ಮಿ.ಲೀ.ನಲ್ಲಿ, 1 ಮಿ.ಗ್ರಾಂ ಇರುತ್ತದೆ. ಬಡ್ಜಿಗೆ ಅದು ಮೇಲ್ಮಿತಿಯ ಏಳು ಪಟ್ಟು.

ಹಂತ 3: ಯಾವ ಔಷಧ, ಏಕೆ

ಕೆಟಮಿನ್ ಒಂಟಿಯಾಗಿ ಕೊಡಬೇಡಿ. ಹಕ್ಕಿ ಮಲಗುತ್ತದೆ ನಿಜ, ಆದರೆ ಸ್ನಾಯು ಸಡಿಲವಾಗುವುದಿಲ್ಲ. ಕಾಲು ಸೆಟೆದು, ಕುತ್ತಿಗೆ ಹಿಂದಕ್ಕೆ ಬಾಗಿ, ರೆಕ್ಕೆ ನಡುಗುತ್ತದೆ. ಎಚ್ಚರವಾಗುವಾಗ ಪಟಪಟ ಬಡಿದುಕೊಂಡು ಗರಿ ಮುರಿದುಕೊಳ್ಳುತ್ತದೆ, ಆಗಷ್ಟೇ ಕೂಡಿಸಿದ ಮೂಳೆಯನ್ನೂ ಮತ್ತೆ ಮುರಿದುಕೊಳ್ಳಬಹುದು. ಹೊಟ್ಟೆಯೊಳಗಿನ ನೋವಿಗೆ ಕೆಟಮಿನ್ ಸಾಲುವುದೂ ಇಲ್ಲ. ಗ್ರೇಟ್ ಹಾರ್ನ್ಡ್ ಔಲ್, ಸ್ನೋಯಿ ಔಲ್, ಕೂಪರ್ಸ್ ಹಾಕ್, ಗೋಲ್ಡನ್ ಈಗಲ್ ಇವು ಕೆಟಮಿನ್‌ಗೆ ಕೆಟ್ಟದಾಗಿ ಸ್ಪಂದಿಸುವ ಹಕ್ಕಿಗಳೆಂದು ಬಹಳ ಕಾಲದಿಂದ ಹೆಸರಾಗಿವೆ. ಕೆಟಮಿನ್ ದ್ರಾವಣ ಆಮ್ಲೀಯ, ಚುಚ್ಚಿದ ಜಾಗ ಉರಿಯುತ್ತದೆ, ಸ್ನಾಯು ಕೆರಳುತ್ತದೆ.

ಕೆಟಮಿನ್ ಜೊತೆ ಮಿಡಜೋಲಮ್: ಯಂತ್ರವಿಲ್ಲದಾಗ ನಮ್ಮ ಮೊದಲ ಆಯ್ಕೆ ಇದೇ. ಕೆಟಮಿನ್ ಕೆ.ಜಿ.ಗೆ 10ರಿಂದ 40 ಮಿ.ಗ್ರಾಂ, ಮಿಡಜೋಲಮ್ 0.5ರಿಂದ 2 ಮಿ.ಗ್ರಾಂ. ದೊಡ್ಡ ಹಕ್ಕಿಗೆ ಕೆಳತುದಿ, ಪುಟ್ಟದಕ್ಕೆ ಮೇಲಿನ ಕಡೆ. ದೇಹ ಚಿಕ್ಕದಾದಷ್ಟೂ ಔಷಧ ಉರಿದುಹೋಗುವ ವೇಗ ಹೆಚ್ಚು, ಹಾಗಾಗಿ ಕೆ.ಜಿ. ಲೆಕ್ಕದಲ್ಲಿ ಹೆಚ್ಚು ಬೇಕು. ಹೃದಯದ ಮೇಲೆ ಈ ಜೋಡಿಯ ಭಾರ ಕಡಿಮೆ. ಎಚ್ಚರ ನಿಧಾನವಾದರೂ ಶಾಂತ.

ಮಿಡಜೋಲಮ್ ಬದಲು ಡಯಜೆಪಾಮ್ ಬಳಸುವವರಿದ್ದಾರೆ. ರಕ್ತನಾಳಕ್ಕಾದರೆ ಸರಿ. ಸ್ನಾಯುವಿಗೆ ಬೇಡ. ಅದು ಪ್ರೊಪೈಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಮದ್ದು, ಉರಿ ಬರಿಸುತ್ತದೆ, ಹೀರಿಕೆ ಒಂದೊಂದು ಸಲ ಒಂದೊಂದು ತೆರ. ಇತರ ಔಷಧದ ಜೊತೆ ಒಂದೇ ಸಿರಿಂಜ್‌ನಲ್ಲಿ ಎಳೆದಾಗ ಬಿಳಿಚಿಕೊಂಡು ಗಸಿ ಕಟ್ಟಿದರೆ ಎಸೆದುಬಿಡಿ.

ಕೆಟಮಿನ್ ಜೊತೆ ಕ್ಸೈಲಜಿನ್: ಎಲ್ಲೆಡೆ ಸಿಗುತ್ತದೆ, ಆಳವೂ ಬರುತ್ತದೆ, ಸ್ನಾಯುವೂ ಚೆನ್ನಾಗಿ ಸಡಿಲವಾಗುತ್ತದೆ. ಕೆಟಮಿನ್ ಕೆ.ಜಿ.ಗೆ 15ರಿಂದ 25 ಮಿ.ಗ್ರಾಂ, ಕ್ಸೈಲಜಿನ್ 1ರಿಂದ 2 ಮಿ.ಗ್ರಾಂ. ಆದರೆ ಇದರ ಬೆಲೆಯನ್ನು ಹೃದಯ ಮತ್ತು ಉಸಿರು ತೆರುತ್ತವೆ. ಬಡಿತ ಇಳಿಯುತ್ತದೆ, ಇಸಿಜಿಯಲ್ಲಿ ಎರಡನೇ ದರ್ಜೆಯ ಎವಿ ಬ್ಲಾಕ್ (ನಡುನಡುವೆ ಬಡಿತ ತಪ್ಪುವುದು) ಕಾಣಿಸಬಹುದು, ಉಸಿರು ಮೇಲುಮೇಲಾಗಿ ಇಂಗಾಲದ ಡೈಆಕ್ಸೈಡ್ ಕೂಡುತ್ತದೆ. ಕೆಲವು ಹಕ್ಕಿಗಳಲ್ಲಿ ವಾಂತಿಯೂ ಆಗುತ್ತದೆ. ಆಮ್ಲಜನಕವಿಲ್ಲದ ಕಡೆ ಈ ಜೋಡಿಯನ್ನು ನಾವು ಆರಿಸುವುದಿಲ್ಲ. ಕ್ಸೈಲಜಿನ್ ಒಂಟಿಯಾಗಿಯಂತೂ ಹಕ್ಕಿಗೆ ಬೇಡವೇ ಬೇಡ, ಶಾಂತವಾಗುವ ಬದಲು ಕೆರಳಿ ಸೆಳವು ಬಂದದ್ದೂ ಉಂಟು. ಇದರ ಒಳ್ಳೆಯ ಗುಣ ಒಂದೇ: ಪರಿಣಾಮ ಅಳಿಸುವ ತಿರುಗುಮದ್ದು ಇದೆ. ಯೊಹಿಂಬಿನ್ ಕೆ.ಜಿ.ಗೆ 0.1ರಿಂದ 0.2 ಮಿ.ಗ್ರಾಂ ಅಥವಾ ಅಟಿಪಮೆಜೋಲ್ 0.25 ಮಿ.ಗ್ರಾಂ.

ಪ್ರೊಪೊಫಾಲ್ ರಕ್ತನಾಳಕ್ಕೆ ಮಾತ್ರ. ಕೆ.ಜಿ.ಗೆ 3ರಿಂದ 10 ಮಿ.ಗ್ರಾಂ, ಒಂದು ನಿಮಿಷಕ್ಕೂ ಹೆಚ್ಚು ಕಾಲ ಎಳೆದು, ಪರಿಣಾಮ ನೋಡಿಕೊಳ್ಳುತ್ತಾ. ಬೇಗ ಕೊಟ್ಟರೆ ಉಸಿರು ನಿಲ್ಲುವುದು ಹೆಚ್ಚುಕಡಿಮೆ ಖಚಿತ. ಟ್ಯೂಬ್ ಹಾಕಲು, ಕೃತಕ ಉಸಿರು ಕೊಡಲು ಬಾರದ ಕಡೆ ಪ್ರೊಪೊಫಾಲ್ ಬಾಟಲಿ ತೆರೆಯುವಂತಿಲ್ಲ. ಹದ್ದು, ಗೂಬೆಗಳಲ್ಲಿ ಡ್ರಿಪ್ ಆಗಿ ಬಹಳ ಹೊತ್ತು ಕೊಟ್ಟಾಗ ಎಚ್ಚರ ತಡವಾಗಿ, ನಡುಕ-ಸೆಟೆತಗಳೂ ಕಾಣುತ್ತವೆ. ಮೊಟ್ಟೆಯ ಲೆಸಿಥಿನ್ ಇರುವ ಈ ಬಿಳಿ ದ್ರವದಲ್ಲಿ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯುತ್ತವೆ. ಸಂರಕ್ಷಕವಿಲ್ಲದ ಬಾಟಲಿ ತೆರೆದ ದಿನವೇ ಮುಗಿಯಬೇಕು, ಮಿಕ್ಕದ್ದು ಚೆಲ್ಲಬೇಕು.

ಟೈಲೆಟಮಿನ್-ಜೋಲಜೆಪಾಮ್ ಉಷ್ಟ್ರಪಕ್ಷಿಯಂಥ ದೊಡ್ಡವುಗಳಿಗೆ ಅನುಕೂಲ, ಕಡಿಮೆ ದ್ರವದಲ್ಲಿ ಕೆಲಸವಾಗುತ್ತದೆ. ಎಚ್ಚರ ಮಾತ್ರ ಗಂಟೆಗಟ್ಟಲೆ ಎಳೆಯುತ್ತದೆ. ಪೆಂಟೊಬಾರ್ಬಿಟಾಲ್‌ನಂಥ ಹಳೆಯ ಬಾರ್ಬಿಟ್ಯುರೇಟ್‌ಗಳ ಮಾತೇ ಬೇಡ, ಅವುಗಳಲ್ಲಿ ನಿದ್ದೆಗೂ ಸಾವಿಗೂ ನಡುವಿನ ಅಂತರ ತೀರಾ ಕಿರಿದು.

ನೋವಿಗೆ ಬ್ಯುಟೊರ್ಫನಾಲ್ ಕೆ.ಜಿ.ಗೆ 1ರಿಂದ 4 ಮಿ.ಗ್ರಾಂ ಗಿಳಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಮೆಲೊಕ್ಸಿಕಾಮ್ 0.5ರಿಂದ 1 ಮಿ.ಗ್ರಾಂ, ನೀರಿನಂಶ ಸರಿಯಿದ್ದು ಮೂತ್ರಪಿಂಡ ಆರೋಗ್ಯವಾಗಿದ್ದರೆ ಮಾತ್ರ. ಡೈಕ್ಲೊಫೆನಾಕ್, ಕೀಟೊಪ್ರೊಫೆನ್‌ಗಳನ್ನು ರಣಹದ್ದುಗಳ ಹತ್ತಿರಕ್ಕೂ ತರಬಾರದು. ಮೂತ್ರಪಿಂಡ ಕುಸಿದು ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣದಂತೆ ಕೂತು ಸಾಯುತ್ತವೆ.

ಹಂತ 4: ಚುಚ್ಚುವ ಮೊದಲು ಮೇಜಿನ ಮೇಲೆ ಇರಬೇಕಾದ್ದು

ಆಮ್ಲಜನಕ, ಮಾಸ್ಕ್, ಕೈಯಿಂದ ಒತ್ತಿ ಉಸಿರು ಕೊಡುವ ಸಣ್ಣ ಅಂಬು ಬ್ಯಾಗ್. ಕಫ್ (ಗಾಳಿ ತುಂಬಿ ಉಬ್ಬಿಸುವ ಪಟ್ಟಿ) ಇಲ್ಲದ ಟ್ಯೂಬ್‌ಗಳು: ಪಾರಿವಾಳಕ್ಕೆ 2ರಿಂದ 2.5 ಮಿ.ಮೀ., ಅದಕ್ಕಿಂತ ಚಿಕ್ಕದಕ್ಕೆ 14 ಗೇಜ್ ಐವಿ ಕ್ಯಾಥೆಟರ್‌ನ ಪ್ಲಾಸ್ಟಿಕ್ ಕೊಳವೆ. ಹಕ್ಕಿಯ ಶ್ವಾಸನಾಳದ ಉಂಗುರಗಳು ಪೂರ್ಣ ವೃತ್ತ, ಹಿಗ್ಗುವುದಿಲ್ಲ. ಕಫ್ ಉಬ್ಬಿಸಿದರೆ ಒಳಪದರ ಒತ್ತಿ ಸತ್ತು, ಒಂದೆರಡು ವಾರ ಕಳೆದ ಮೇಲೆ ನಾಳವೇ ಕಿರಿದಾಗಿ ಹಕ್ಕಿ ಉಸಿರಿಗೆ ಒದ್ದಾಡುತ್ತದೆ. ಆಗ ಅರಿವಳಿಕೆಯನ್ನು ಯಾರೂ ನೆನೆಯುವುದಿಲ್ಲ.

38 ಡಿಗ್ರಿಗೆ ಬೆಚ್ಚಗಿರುವ ರಿಂಗರ್ಸ್ ಲ್ಯಾಕ್ಟೇಟ್, ಬಿಸಿ ಹಾಸು, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಅಥವಾ ಮಗುವಿಗೆ ಬಳಸುವ ಸ್ಟೆತಸ್ಕೋಪ್. ತುರ್ತು ಔಷಧಗಳನ್ನು ಆ ಹಕ್ಕಿಯ ತೂಕಕ್ಕೆ ಲೆಕ್ಕ ಹಾಕಿ, ಸಿರಿಂಜ್‌ನಲ್ಲಿ ತುಂಬಿ, ಹೆಸರು ಬರೆದು ಇಡಿ. ನಮ್ಮ 300 ಗ್ರಾಂ ಪಾರಿವಾಳಕ್ಕೆ ಮಿ.ಲೀ.ಗೆ 0.1 ಮಿ.ಗ್ರಾಂ ಇರುವ ಫ್ಲುಮಜೆನಿಲ್ 0.15 ಮಿ.ಲೀ., ಹೃದಯಬಡಿತ ಏರಿಸುವ, ಮಿ.ಲೀ.ಗೆ 0.6 ಮಿ.ಗ್ರಾಂ ಇರುವ ಅಟ್ರೊಪಿನ್ 0.02 ಮಿ.ಲೀ. ಉಸಿರು ನಿಂತ ಮೇಲೆ ಭಾಗಾಕಾರ ಮಾಡಲು ಯಾರಿಗೂ ಆಗುವುದಿಲ್ಲ.

ಹಂತ 5: ಚುಚ್ಚುವುದು

ಆಮ್ಲಜನಕವನ್ನು ಮೊದಲು ಎರಡು-ಮೂರು ನಿಮಿಷ ಕೊಡಿ. ಎದೆಮೂಳೆಯನ್ನು ಬೆರಳಿನಿಂದ ಗುರುತಿಸಿ, ಅದರ ಪಕ್ಕದ ಸ್ನಾಯು ದಪ್ಪಗಿರುವ ಕಡೆ ಗರಿಗಳನ್ನು ನೀರಿನಿಂದ ತುಸು ತೇವ ಮಾಡಿ ಸರಿಸಿ. ಸ್ಪಿರಿಟ್ ಸುರಿಯಬೇಡಿ, ಅದು ಆರುವಾಗ ಮೈಯ ಶಾಖವನ್ನೆಲ್ಲ ಹೀರಿಕೊಂಡು ಹೋಗುತ್ತದೆ. 26 ಅಥವಾ 27 ಗೇಜ್ ಸೂಜಿ, ಓರೆಯಾಗಿ, ಪುಟ್ಟ ಹಕ್ಕಿಯಲ್ಲಿ ಕೆಲವೇ ಮಿಲಿಮೀಟರ್ ಆಳ. ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ನೋಡಿ, ನಿಧಾನವಾಗಿ ಒತ್ತಿ. ಸೂಜಿ ತೆಗೆದ ಮೇಲೆ ಅರ್ಧ ನಿಮಿಷ ಬೆರಳಿಡಿ, ಎದೆಮೂಳೆಯ ಮೇಲಲ್ಲ, ಚುಚ್ಚಿದ ಜಾಗದ ಮೇಲೆ ಮಾತ್ರ.

ಕತ್ತಲೆಯ, ಸದ್ದಿಲ್ಲದ ಪೆಟ್ಟಿಗೆಯಲ್ಲಿ ಬಿಡಿ, ಆದರೆ ಕಣ್ಣು ತೆಗೆಯಬೇಡಿ. ಮೂರರಿಂದ ಐದು ನಿಮಿಷಕ್ಕೆ ತಲೆ ತೂಗುತ್ತದೆ, ಹತ್ತು ನಿಮಿಷದ ಹೊತ್ತಿಗೆ ಪೂರ್ಣ ಪರಿಣಾಮ. ಹದಿನೈದು ನಿಮಿಷ ಕಳೆಯುವ ಮುನ್ನ ಎರಡನೇ ಡೋಸ್ ಕೊಡುವವರು ಮೊದಲನೆಯದರ ಶಿಖರದ ಮೇಲೆ ಎರಡನೆಯದನ್ನು ಕೂರಿಸುತ್ತಾರೆ. ಕಾದು ನೋಡಿದ ಮೇಲೂ ಸಾಲದಿದ್ದರೆ ಮೊದಲಿನದರ ಮೂರನೇ ಒಂದು ಪಾಲು.

ರಕ್ತನಾಳ ಬೇಕಾದರೆ ಕುತ್ತಿಗೆಯ ಬಲಭಾಗದ ಜುಗುಲರ್ ಹುಡುಕಿ, ಎಡದ್ದು ಬಹಳ ಹಕ್ಕಿಗಳಲ್ಲಿ ಸಣಕಲು. ಬಾತು, ಕೋಳಿಗಳಲ್ಲಿ ಕಾಲಿನ ಒಳಬದಿಯ ನಾಳ ಗಟ್ಟಿ. ರೆಕ್ಕೆಯ ನಾಳ ಕಣ್ಣಿಗೆ ಚೆನ್ನಾಗಿ ಕಂಡರೂ ಚುಚ್ಚಿದೊಡನೆ ಊದಿಕೊಳ್ಳುತ್ತದೆ. ಮೂಳೆಯೊಳಗೆ ಕ್ಯಾಥೆಟರ್ ಹಾಕುವುದಾದರೆ ಅಲ್ನಾ (ಮುಂದೋಳಿನ ಮೂಳೆ) ಅಥವಾ ಟಿಬಿಯೊಟಾರ್ಸಸ್ (ಕಾಲಿನ ಕೆಳಭಾಗದ ಮೂಳೆ). ಹ್ಯೂಮರಸ್ (ಮೇಲ್ದೋಳಿನ ಮೂಳೆ), ಫೀಮರ್ (ತೊಡೆಮೂಳೆ) ಬೇಡ, ಅವುಗಳಲ್ಲಿ ಗಾಳಿ ಇರುತ್ತದೆ, ವಾಯುಚೀಲಕ್ಕೆ ದಾರಿ ಇರುತ್ತದೆ. ಅಲ್ಲಿ ದ್ರವ ಬಿಟ್ಟರೆ ಹಕ್ಕಿಯನ್ನು ಒಳಗಿನಿಂದಲೇ ನೀರಲ್ಲಿ ಮುಳುಗಿಸಿದಂತೆ.

ಹಂತ 6: ಆಳ ಅಳೆಯುವುದು, ಕಾವಲು

ಕಾಲ್ಬೆರಳು ಚಿವುಟಿದರೆ ಎಳೆದುಕೊಳ್ಳಬಾರದು. ಕಣ್ಣಿನ ಮೇಲ್ಮೈಯನ್ನು ಒದ್ದೆ ಹತ್ತಿಯಿಂದ ಮುಟ್ಟಿದರೆ ಮೂರನೇ ರೆಪ್ಪೆ ನಿಧಾನವಾಗಿಯಾದರೂ ಹಾಯಬೇಕು. ಹಾಯಲೇ ಇಲ್ಲವೆಂದರೆ ಹಕ್ಕಿ ಅಪಾಯದ ಆಳದಲ್ಲಿದೆ. ಕಣ್ಣಿನ ಪಾಪೆಯನ್ನು ನೆಚ್ಚಬೇಡಿ. ಹಕ್ಕಿಯ ಪಾಪೆಯ ಸ್ನಾಯು ಬಹುಮಟ್ಟಿಗೆ ಅದರ ಇಚ್ಛೆಯಂತೆ ಆಡುವಂಥದು, ಅಟ್ರೊಪಿನ್‌ಗೂ ಅರಳುವುದಿಲ್ಲ.

ಒಬ್ಬರು ಉಸಿರು ಎಣಿಸುವುದೊಂದೇ ಕೆಲಸ ಮಾಡಲಿ. ಹೊದಿಕೆ ಪಾರದರ್ಶಕವಾಗಿರಲಿ, ಬಟ್ಟೆಯ ಕೆಳಗೆ ಎದೆ ಆಡುವುದು ಕಾಣುವುದಿಲ್ಲ. ಪಲ್ಸ್ ಆಕ್ಸಿಮೀಟರ್ ಮನುಷ್ಯರ ಹಿಮೊಗ್ಲೊಬಿನ್‌ಗೆ ಅಳವಡಿಸಿದ ಯಂತ್ರ. ಹಕ್ಕಿಯಲ್ಲಿ ಅದರ ಅಂಕಿಗೆ ಅರ್ಥವಿಲ್ಲ, ಏರಿಳಿತಕ್ಕೆ ಮಾತ್ರ ಸ್ವಲ್ಪ ಅರ್ಥ. ಟ್ಯೂಬ್ ಇದ್ದರೆ ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೊಗ್ರಾಫ್ ಹೆಚ್ಚು ಉಪಯುಕ್ತ, ಪಾದರಸದ 30ರಿಂದ 45 ಮಿ.ಮೀ. ನಡುವೆ ಇರಿಸಿ. ಡಾಪ್ಲರ್ ತಲೆಯನ್ನು ಮೊಣಕೈ ಒಳಬದಿಯ ಧಮನಿಯ ಮೇಲೆ ಕೂರಿಸಿದರೆ ಬಡಿತ ಎಲ್ಲರ ಕಿವಿಗೂ ಕೇಳುತ್ತದೆ. ಬಡಿತ ಏರಿತೋ ಇಳಿಯಿತೋ ಎಂಬುದು ಅಂಕಿಗಿಂತ ಮುಖ್ಯ.

ಹಕ್ಕಿಯ ಸಹಜ ಶಾಖ 40ರಿಂದ 42 ಡಿಗ್ರಿ. ಗರಿ ಕಿತ್ತು, ಒದ್ದೆ ಮಾಡಿ, ಸ್ಟೀಲ್ ಮೇಜಿನ ಮೇಲೆ ಮಲಗಿಸಿದ ಪುಟ್ಟ ಹಕ್ಕಿ ನಿಮಿಷಗಳಲ್ಲಿ ತಣ್ಣಗಾಗುತ್ತದೆ, ತಣ್ಣಗಾದ ಹಕ್ಕಿಯಲ್ಲಿ ಔಷಧವೂ ಕರಗುವುದಿಲ್ಲ. ಚುಚ್ಚಿದ ಕೂಡಲೇ ಬಿಸಿ ಹಾಸು ಹಾಕಿ, ತಣ್ಣಗಾದ ಮೇಲಲ್ಲ. ಅರ್ಧ ಗಂಟೆ ಮೀರುವ ಕೆಲಸವಾದರೆ ದ್ರವ ಗಂಟೆಗೆ ಕೆ.ಜಿ.ಗೆ 10 ಮಿ.ಲೀ.

ರಕ್ತ ಹೋದದ್ದನ್ನೂ ಎಣಿಸಿ. ದೇಹತೂಕದ ಶೇಕಡಾ 10ರಷ್ಟು ರಕ್ತ, ಅದರಲ್ಲಿ ಹತ್ತನೇ ಒಂದು ಪಾಲು ಹೋದರೆ ಆರೋಗ್ಯವಂತ ಹಕ್ಕಿ ತಡೆದುಕೊಳ್ಳುತ್ತದೆ. ಪಾರಿವಾಳದಲ್ಲಿ ಅದು 3 ಮಿ.ಲೀ., ಬಡ್ಜಿಯಲ್ಲಿ 0.35.

ಕೆಟ್ಟಾಗ ಏನು, ಏಕೆ, ಏನು ಮಾಡಬೇಕು

ಉಸಿರು ನಿಂತರೆ ಮೊದಲು ನಿಮ್ಮ ಕೈ ನೋಡಿ, ಎದೆಯ ಮೇಲೆ ಏನಾದರೂ ಒತ್ತುತ್ತಿದೆಯೇ? ಆಮೇಲೆ ಬಾಯಿ ತೆರೆದು ಲೋಳೆ ಒರೆಸಿ. ಗ್ಲಾಟಿಸ್ (ಶ್ವಾಸನಾಳದ ಬಾಯಿ) ನಾಲಗೆಯ ಬುಡದಲ್ಲೇ ಕಾಣುತ್ತದೆ, ಟ್ಯೂಬ್ ಹಾಕಿ ಆಮ್ಲಜನಕ ಒತ್ತಿ. ನಿಮಿಷಕ್ಕೆ 10ರಿಂದ 15 ಸಲ, ಒತ್ತಡ ನೀರಿನ 15 ಸೆಂ.ಮೀ. ದಾಟದಂತೆ, ಎದೆ ತುಸು ಏಳುವಷ್ಟೇ. ಜೋರಾಗಿ ಒತ್ತಿದರೆ ವಾಯುಚೀಲ ಹರಿಯುತ್ತದೆ. ಟ್ಯೂಬ್ ಸಿಗದಿದ್ದರೆ ಎದೆಮೂಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿ-ಒತ್ತಿ ಮಾಡಿ, ತಿದಿ ಆಡುತ್ತದೆ. ಶ್ವಾಸನಾಳವೇ ಮುಚ್ಚಿಹೋಗಿದ್ದರೆ ಎಡಪಕ್ಕೆಯಿಂದ ಹಿಂಭಾಗದ ವಾಯುಚೀಲಕ್ಕೆ ಕೊಳವೆ ಹಾಕಿ ಅಲ್ಲಿಂದಲೇ ಉಸಿರಾಡಿಸಬಹುದು. ಹಕ್ಕಿಗಿರುವ ದೊಡ್ಡ ಅನುಕೂಲ ಇದು. ಉಸಿರಾಟ ಕೆರಳಿಸುವ ಡಾಕ್ಸಪ್ರಾಮ್ ಮದ್ದು ಹುಡುಕುತ್ತಾ ಕಾಲ ಕಳೆಯಬೇಡಿ, ಗಾಳಿ ಮೊದಲು.

ಬಡಿತ ಇಳಿದರೆ ಕಾರಣ ಕ್ಸೈಲಜಿನ್ ಆಗಿರಬಹುದು, ತಂಪು ಆಗಿರಬಹುದು, ಆಮ್ಲಜನಕದ ಕೊರತೆಯೂ ಆಗಿರಬಹುದು. ಕ್ಸೈಲಜಿನ್ ಕೊಟ್ಟಿದ್ದರೆ ತಿರುಗುಮದ್ದು ಕೊಡಿ. ಅಟ್ರೊಪಿನ್ ಕೆ.ಜಿ.ಗೆ 0.02ರಿಂದ 0.08 ಮಿ.ಗ್ರಾಂ ಬಡಿತ ಏರಿಸುತ್ತದೆ, ಆದರೆ ಲೋಳೆಯನ್ನು ಗಟ್ಟಿ ಮಾಡಿ ಕಿರಿದಾದ ಟ್ಯೂಬ್‌ಗೆ ಬಿರಡೆ ಹಾಕುತ್ತದೆ. ಆದ್ದರಿಂದ ಎಲ್ಲ ಹಕ್ಕಿಗೂ ಮುಂಚಿತವಾಗಿ ಅಟ್ರೊಪಿನ್ ಕೊಡುವ ರೂಢಿಯನ್ನು ಬಿಡುವುದೇ ಲೇಸು.

ತಿರುಗುಮದ್ದಿನಲ್ಲೂ ತಪ್ಪುಗಳಾಗುತ್ತವೆ. ಅವಸರವಿಲ್ಲದಾಗ ಕೆಟಮಿನ್ ಕೊಟ್ಟು ಅರ್ಧ ಗಂಟೆಯಾದರೂ ಕಳೆದಿರಲಿ. ಕ್ಸೈಲಜಿನ್ ಮಾತ್ರ ಅಳಿಸಿ ಕೆಟಮಿನ್ ಉಳಿಸಿದರೆ ಆ ಸೆಟೆತ, ಬಡಿದಾಟ ಪೂರ್ತಿ ಹೊರಬರುತ್ತದೆ. ಯೊಹಿಂಬಿನ್ ಹೆಚ್ಚಾದರೆ ಅದೇ ಹಕ್ಕಿಯನ್ನು ಕೆರಳಿಸುತ್ತದೆ. ಫ್ಲುಮಜೆನಿಲ್ ಬೇಗ ಇಳಿಯುತ್ತದೆ, ಮಿಡಜೋಲಮ್ ಇನ್ನೂ ಉಳಿದಿರುತ್ತದೆ. ಎದ್ದು ಕೂತ ಹಕ್ಕಿ ಒಂದೆರಡು ಗಂಟೆಯಲ್ಲಿ ಮತ್ತೆ ತೂಕಡಿಸಿ ಕೋಲಿನಿಂದ ಬೀಳುವುದು ಇದರಿಂದಲೇ.

ಬಾಯಿಯಿಂದ ನೀರು, ಕಾಳು ಬಂದರೆ ತಲೆಯನ್ನು ಕೂಡಲೇ ಕೆಳಗೆ ಮಾಡಿ ಒರೆಸಿ, ಆಮೇಲೆ ಕುತ್ತಿಗೆ ಎತ್ತರಿಸಿ ಮಲಗಿಸಿ. ಉದ್ದಕಾಲಿನ ಕೊಕ್ಕರೆ, ಕ್ರೌಂಚ, ಉಷ್ಟ್ರಪಕ್ಷಿಗಳಲ್ಲಿ ಬೇರೊಂದು ಅಪಾಯ. ಹಿಡಿಯುವಾಗ ಬಹಳ ಹೊತ್ತು ಓಡಿಸಿ, ಕಾಲು ಮಡಿಸಿಯೇ ಮಲಗಿಸಿದರೆ ಸ್ನಾಯು ಸಾಯುತ್ತದೆ, ಅರಿವಳಿಕೆ ಇಳಿದರೂ ಹಕ್ಕಿ ಎದ್ದು ನಿಲ್ಲುವುದಿಲ್ಲ. ಎಲ್ಲ ಸಿದ್ಧವಾದ ಮೇಲೆಯೇ ಹಿಡಿಯುವುದು, ಮಲಗಿಸಿದಾಗ ಕಾಲು ಚಾಚಿಡುವುದು, ಬೇಗ ಮುಗಿಸುವುದು. ಇದಕ್ಕೆ ಚಿಕಿತ್ಸೆಗಿಂತ ತಡೆಯೇ ದಾರಿ.

ಹಂತ 7: ಎಚ್ಚರವಾಗುವ ತನಕ

ಕೆಲಸ ಮುಗಿದಾಗ ಜನ ಸಡಿಲವಾಗುತ್ತಾರೆ, ಟ್ಯೂಬ್ ತೆಗೆದು ಬೆನ್ನು ತಿರುಗಿಸುತ್ತಾರೆ. ಹಕ್ಕಿ ತಲೆ ಎತ್ತಿ, ಟ್ಯೂಬ್ ಕಚ್ಚಲು ಶುರು ಮಾಡುವ ತನಕ ಆಮ್ಲಜನಕ ಇರಲಿ. ತೆಳು ಟವೆಲ್‌ನಲ್ಲಿ ರೆಕ್ಕೆ ಬಡಿಯದಷ್ಟು ಬಿಗಿ, ಎದೆ ಆಡುವಷ್ಟು ಸಡಿಲವಾಗಿ ಸುತ್ತಿ ಎದೆಯ ಮೇಲೆ ಕೂರುವ ಭಂಗಿಯಲ್ಲಿಡಿ. ಪೆಟ್ಟಿಗೆ 28ರಿಂದ 30 ಡಿಗ್ರಿ, ಮಂದ ಬೆಳಕು, ಮೆತ್ತನೆಯ ತಳ, ಕೂರುವ ಕೋಲು ಬೇಡ, ನೀರಿನ ಬಟ್ಟಲು ಬೇಡ. ಮಂಪರಿನಲ್ಲಿ ಹಕ್ಕಿ ಒಂದು ಅಂಗುಲ ನೀರಿಗೂ ಮುಖ ಹಾಕಿ ಸಾಯುತ್ತದೆ.

ಕೆಟಮಿನ್-ಮಿಡಜೋಲಮ್‌ನಲ್ಲಿ ಎಚ್ಚರಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯಬಹುದು. ಅದಕ್ಕೂ ತಡವಾದರೆ ಇನ್ನಷ್ಟು ತಿರುಗುಮದ್ದು ಹಾಕುವ ಮೊದಲು ಶಾಖ ನೋಡಿ, ಸಕ್ಕರೆ ನೋಡಿ, ಡೋಸ್ ಲೆಕ್ಕ ಇನ್ನೊಮ್ಮೆ ನೋಡಿ. ಪುಟ್ಟ ಹಕ್ಕಿ ನೆಟ್ಟಗೆ ನಿಂತ ಮೇಲೆ ಒಂದು ಗಂಟೆಯೊಳಗೆ ಸ್ವಲ್ಪ ತಿನ್ನಲಿ. ಮಾಂಸಾಹಾರಿ ಹಕ್ಕಿಗೆ ಸಂಜೆಯವರೆಗೆ ಕಾಯಬಹುದು, ಮೊದಲ ತುತ್ತು ಮೂಳೆ-ಗರಿ ಇಲ್ಲದ್ದು. ಕಾಡಿನ ಹಕ್ಕಿಯನ್ನು ಕಣ್ಣು ತೆರೆದ ಮಾತ್ರಕ್ಕೆ ಬಿಡಬೇಡಿ. ಒಂದು ಪೂರ್ತಿ ದಿನ ಇಟ್ಟುಕೊಂಡು, ಹಾರಾಟದಲ್ಲಿ ಎರಡೂ ರೆಕ್ಕೆ ಸಮವಾಗಿ ಬಡಿಯುತ್ತಿವೆಯೇ ನೋಡಿ. ಒಂದು ಬದಿ ಸೋತಿದ್ದರೆ ಚುಚ್ಚಿದ ಎದೆಸ್ನಾಯುವನ್ನು ಮುಟ್ಟಿ ನೋಡಿ.

ದಾಖಲೆ ಪುಸ್ತಕದಲ್ಲಿ ಜಾತಿ, ತೂಕ, ಬಾಟಲಿಯ ಸಾಂದ್ರತೆ, ಮಿ.ಗ್ರಾಂ ಮತ್ತು ಮಿ.ಲೀ. ಎರಡರಲ್ಲೂ ಡೋಸ್, ಬಳಸಿದ ಸಿರಿಂಜ್, ತಲೆ ತೂಗಿದ ಹೊತ್ತು, ಚಿವುಟಿಗೆ ಸ್ಪಂದಿಸದ ಹೊತ್ತು, ಎದ್ದು ನಿಂತ ಹೊತ್ತು ಇಷ್ಟೂ ಇರಲಿ. ಅದೇ ಜಾತಿಯ ಮುಂದಿನ ಹಕ್ಕಿ ಬಂದಾಗ ಮೊದಲು ತೆರೆಯಬೇಕಾದ್ದು ಆ ಪುಟ.